ಸ್ಟೀರಿಂಗ್ ಎಡಕ್ಕೆ ಎಳೆಯುತ್ತದೆ, ನಡುಗುತ್ತದೆ, ಸದ್ದು ಮಾಡುತ್ತದೆ: ರ್ಯಾಕ್ ಬದಲಿಸಲೇಬೇಕೇ?

ಪ್ರಶ್ನೆ: ನನ್ನದು ಏಳು ವರ್ಷ ಹಳೆಯ ಸಣ್ಣ ಕಾರು. ಎಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುವ ಮಾದರಿ, ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇದೆ, ಸುಮಾರು 90,000 ಕಿ.ಮೀ. ಓಡಿದೆ. ಎರಡು ತಿಂಗಳ ಹಿಂದೆ ಮುಂದಿನ ಎರಡು ಟೈರ್‌ಗಳನ್ನು ಹೊಸದಾಗಿ ಹಾಕಿಸಿದೆ. ಅಲ್ಲಿಂದೀಚೆಗೆ ಕಾರು ಎಡಕ್ಕೆ ಎಳೆಯುತ್ತಿದೆ. ಎರಡು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದರೂ ಸರಿಹೋಗಲಿಲ್ಲ. ಯಂತ್ರದ ವರದಿಯಲ್ಲಿ ಎಲ್ಲವೂ ಹಸಿರು ಬಣ್ಣದಲ್ಲೇ ಬಂದಿದೆ. ವೇಗ 85 ದಾಟಿದ ಮೇಲೆ ಸ್ಟೀರಿಂಗ್ ಚಕ್ರ ನಡುಗುತ್ತದೆ, 110ರ ಹೊತ್ತಿಗೆ ಕಡಿಮೆಯಾಗುತ್ತದೆ. ಹಾಳಾದ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಕಟಕಟ ಸದ್ದು ಬಂದು ಅಂಗೈಗೂ ತಿಳಿಯುತ್ತದೆ. ಕೆಲವು ದಿನ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಸ್ಟೀರಿಂಗ್ ದೀಪ ಹೊತ್ತಿಕೊಂಡು ಸ್ಟೀರಿಂಗ್ ಭಾರವಾಗುತ್ತದೆ; ಬಂದ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ. ಒಬ್ಬ ಮೆಕ್ಯಾನಿಕ್ ಇಡೀ ಸ್ಟೀರಿಂಗ್ ರ್ಯಾಕ್ (ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ಹಲ್ಲಿನ ಸಲಾಕೆ) ಬದಲಿಸಬೇಕು ಎನ್ನುತ್ತಾರೆ. ಇನ್ನೊಬ್ಬರು, ಹಳೆಯ ಕಾರು, ಹೀಗೆಯೇ ಓಡಿಸಿ, ಏನೂ ಆಗುವುದಿಲ್ಲ ಎನ್ನುತ್ತಾರೆ. ಎಲೆಕ್ಟ್ರಿಕ್ ಸ್ಟೀರಿಂಗ್ ಓಡುವಾಗಲೇ ಲಾಕ್ ಆಗಿಬಿಡುತ್ತದೆ ಎಂದು ಯಾರೋ ಹೇಳಿದ್ದರಿಂದ ಮನೆಯವರನ್ನು ಕೂರಿಸಿಕೊಂಡು ದೂರ ಹೋಗಲು ಭಯವಾಗುತ್ತಿದೆ. ಯಾರ ಮಾತು ಕೇಳಲಿ?

ಉತ್ತರ: ನೀವು ವಿವರಗಳನ್ನು ಬಿಡಿಬಿಡಿಯಾಗಿ ಬರೆದಿರುವುದರಿಂದ ನನ್ನ ಕೆಲಸ ಅರ್ಧ ಹಗುರವಾಗಿದೆ. ನಿಮ್ಮ ಪ್ರಶ್ನೆಯಲ್ಲಿರುವುದು ಒಂದು ದೋಷವಲ್ಲ, ನಾಲ್ಕು ಲಕ್ಷಣಗಳು: ಎಳೆತ, ನಡುಕ, ಕಟಕಟ ಸದ್ದು ಮತ್ತು ಆಗಾಗ ಭಾರವಾಗುವುದು. ನಾಲ್ಕೂ ಅಂಗೈಗೆ ತಿಳಿಯುವುದು ಸ್ಟೀರಿಂಗ್ ಚಕ್ರದ ಮೂಲಕವೇ ಆದ್ದರಿಂದ ನಾಲ್ಕಕ್ಕೂ ಮೂಲ ಸ್ಟೀರಿಂಗಿನಲ್ಲೇ ಇರಬೇಕು ಎಂಬ ಊಹೆ ಸುಲಭವಾಗಿ ಹುಟ್ಟುತ್ತದೆ, ಆ ಊಹೆಯೇ ರ್ಯಾಕ್ ಬದಲಿಸುವ ಸಲಹೆಯವರೆಗೆ ಹೋಗಿ ನಿಲ್ಲುತ್ತದೆ. ನಾನು ಗ್ಯಾರೇಜಿನಲ್ಲಿ ಕಂಡಂತೆ, ಸ್ಟೀರಿಂಗ್ ದೂರು ಎಂದು ಬರುವ ವಾಹನಗಳಲ್ಲಿ ಬಹುಪಾಲು ದೋಷ ಇರುವುದು ಟೈರ್, ಬ್ರೇಕ್ ಅಥವಾ ಚಕ್ರಗಳನ್ನು ಕಾರಿಗೆ ಜೋಡಿಸಿ ಕುಲುಕು ತಡೆಯುವ ಸಸ್ಪೆನ್ಷನ್ನಿನಲ್ಲಿ. ಆದ್ದರಿಂದ ಮೊದಲೇ ಎರಡು ಮಾತು ಹೇಳಿಬಿಡುತ್ತೇನೆ. ಈಗಿರುವ ಮಾಹಿತಿಯ ಮೇಲೆ ರ್ಯಾಕ್ ಬದಲಿಸಲು ಒಪ್ಪಬೇಡಿ. ಹಾಗೆಂದು "ಏನೂ ಆಗುವುದಿಲ್ಲ" ಎಂಬ ಮಾತನ್ನೂ ನಂಬಬೇಡಿ. ಆ ಕಟಕಟ ಸದ್ದಿನ ಮೂಲ ಗೊತ್ತಾಗುವವರೆಗೆ ಹೆದ್ದಾರಿಯ ಪ್ರಯಾಣ ಮುಂದೂಡಿ.

ಎಳೆತದಿಂದ ಆರಂಭಿಸೋಣ. ಕಾರು ಒಂದು ಕಡೆಗೆ ಎಳೆದರೆ ಅಲೈನ್‌ಮೆಂಟ್ ತಪ್ಪಿದೆ ಎಂಬುದು ಬಹಳ ಗಟ್ಟಿಯಾಗಿ ಬೇರೂರಿರುವ ನಂಬಿಕೆ, ಅದರಲ್ಲಿ ನಿಜ ಇರುವುದು ಅರ್ಧ ಮಾತ್ರ. ಅಲೈನ್‌ಮೆಂಟ್ ಎಂದರೆ ಮುಖ್ಯವಾಗಿ ಮೂರು ಕೋನಗಳು. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂಭಾಗ ಒಳಮುಖವಾಗಿದೆಯೋ ಹೊರಮುಖವಾಗಿದೆಯೋ ಎಂಬುದು ಟೋ. ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೆ ಅಥವಾ ಹೊರಕ್ಕೆ ಎಷ್ಟು ವಾಲಿದೆ ಎಂಬುದು ಕ್ಯಾಂಬರ್. ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ಎಷ್ಟು ಒರಗಿದೆ ಎಂಬುದು ಕ್ಯಾಸ್ಟರ್. ಇವುಗಳಲ್ಲಿ ಎಳೆತ ಉಂಟುಮಾಡುವುದು ಎಡಬಲಗಳ ಕ್ಯಾಂಬರ್ ಅಥವಾ ಕ್ಯಾಸ್ಟರ್ ನಡುವಿನ ವ್ಯತ್ಯಾಸ: ತಲೆ ಹೆಚ್ಚು ಹೊರಕ್ಕೆ ವಾಲಿದ ಚಕ್ರದ ಕಡೆಗೆ, ಅಥವಾ ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಕಾರು ಜಾರುತ್ತದೆ. ಟೋ ತಪ್ಪಿದರೆ ಟೈರ್ ಬೇಗ ಸವೆಯುತ್ತದೆ ಮತ್ತು ನೇರ ಹೋಗುವಾಗ ಸ್ಟೀರಿಂಗ್ ಚಕ್ರ ಓರೆಯಾಗಿ ನಿಲ್ಲುತ್ತದೆ, ಆದರೆ ಕೈಬಿಟ್ಟರೆ ಕಾರು ಪಕ್ಕಕ್ಕೆ ಹೋಗುವಂಥ ಎಳೆತ ಅದರಿಂದ ಬರುವುದು ಅಪರೂಪ. ಇಲ್ಲಿ ತೊಡಕೇನೆಂದರೆ, ನಿಮ್ಮ ಕಾರಿನಂಥ ಅನೇಕ ಸಣ್ಣ ಕಾರುಗಳಲ್ಲಿ ತಿರುಪು ತಿರುಗಿಸಿ ಹೊಂದಿಸಲು ಅವಕಾಶ ಇರುವುದು ಮುಂದಿನ ಟೋ ಒಂದಕ್ಕೆ ಮಾತ್ರ. ಎಳೆತಕ್ಕೆ ಕಾರಣವಾಗದ ಕೋನವನ್ನು ಎರಡು ಸಲ ಹೊಂದಿಸಿದ್ದಾರೆ. ಎಳೆತ ಹಾಗೆಯೇ ಉಳಿದಿದೆ. ಅದರಲ್ಲಿ ಆಶ್ಚರ್ಯವಿಲ್ಲ.

ವರದಿಯ ಹಸಿರು ಬಣ್ಣದ ಬಗ್ಗೆಯೂ ಒಂದು ಮಾತು. ಕ್ಯಾಸ್ಟರ್ ಅಳೆಯಬೇಕಾದರೆ ಚಕ್ರಗಳನ್ನು ತಿರುಗುವ ತಟ್ಟೆಗಳ ಮೇಲೆ ನಿಲ್ಲಿಸಿ, ಸ್ಟೀರಿಂಗನ್ನು ನಿಗದಿತ ಕೋನದಷ್ಟು ಎಡಕ್ಕೂ ಬಲಕ್ಕೂ ತಿರುಗಿಸಬೇಕು. ಸಮಯ ಉಳಿಸಲು ಆ ಹಂತವನ್ನು ಬಿಟ್ಟುಬಿಡುವವರಿದ್ದಾರೆ. ಆಗ ವರದಿಯಲ್ಲಿ ಕ್ಯಾಸ್ಟರ್ ಜಾಗ ಖಾಲಿ ಇರುತ್ತದೆ. ನಿಮ್ಮ ಕಾಗದ ತೆಗೆದು ಆ ಸಾಲು ತುಂಬಿದೆಯೇ, ಎಡಬಲದ ಅಂಕಿಗಳು ಒಂದಕ್ಕೊಂದು ಹತ್ತಿರವಿವೆಯೇ ನೋಡಿ. ಪ್ರತಿಯೊಂದು ಅಂಕಿಯೂ ತನ್ನ ಮಿತಿಯೊಳಗೆ ಇದ್ದು ಹಸಿರಾಗಿದ್ದರೂ, ಒಂದು ಕಡೆಯದು ಮಿತಿಯ ಕೆಳತುದಿಯಲ್ಲೂ ಇನ್ನೊಂದು ಮೇಲ್ತುದಿಯಲ್ಲೂ ಇದ್ದರೆ ಕಾರು ಎಳೆಯಬಹುದು. ಇದಲ್ಲದೆ ಯಂತ್ರ ಅಳೆಯುವುದು ನಿಂತ ಕಾರನ್ನು. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಾದ ಲೋಯರ್ ಆರ್ಮ್‌ನ ರಬ್ಬರ್ ಬುಷ್ (ಕೀಲಿನಲ್ಲಿ ಕೂರುವ ರಬ್ಬರ್ ಉಂಗುರ) ಹರಿದಿದ್ದರೆ ನಿಂತಾಗ ಕೋನ ಸರಿಯಾಗಿಯೇ ಕಾಣುತ್ತದೆ. ಓಡುವಾಗ, ಅದರಲ್ಲೂ ಬ್ರೇಕ್ ಒತ್ತಿದಾಗ, ಆರ್ಮ್ ಹಿಂದಕ್ಕೆ ಸರಿದು ಕೋನ ಬದಲಾಗುತ್ತದೆ. ಅಲೈನ್‌ಮೆಂಟಿಗೆ ಮೊದಲು ಸಡಿಲ ಭಾಗಗಳನ್ನು ಪರೀಕ್ಷಿಸಬೇಕು ಎಂಬ ನಿಯಮ ಇರುವುದು ಇದಕ್ಕಾಗಿಯೇ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ತೂಕದ್ದೆನಿಸಿದ ಮಾತು "ಟೈರ್ ಹಾಕಿಸಿದಲ್ಲಿಂದೀಚೆಗೆ" ಎಂಬುದು. ಹೊಸ ಟೈರ್ ಎಂದರೆ ದೋಷವಿಲ್ಲದ ಟೈರ್ ಎಂದು ನಾವು ತಿಳಿಯುತ್ತೇವೆ. ಆದರೆ ತಯಾರಿಕೆಯಲ್ಲಿ ಒಳಗಿನ ಉಕ್ಕಿನ ಪಟ್ಟಿ ಕೂದಲೆಳೆಯಷ್ಟು ಪಕ್ಕಕ್ಕೆ ಕುಳಿತರೂ ಟೈರಿನ ಒಂದು ಅಂಚು ಇನ್ನೊಂದಕ್ಕಿಂತ ಬಿಗಿಯಾಗಿ, ಉರುಳುವಾಗ ಟೈರ್ ಸೂಕ್ಷ್ಮವಾಗಿ ಶಂಕುವಿನಂತೆ ವರ್ತಿಸುತ್ತದೆ. ನೆಲದ ಮೇಲೆ ಉರುಳಿಸಿದ ಲೋಟ ನೇರ ಹೋಗದೆ ಕಿರಿದಾದ ತಳದ ಕಡೆಗೆ ತಿರುಗುವುದಿಲ್ಲವೇ, ಹಾಗೆ. ಕಣ್ಣಿಗೆ ಇದು ಕಾಣುವುದಿಲ್ಲ, ಚಕ್ರದ ತೂಕದ ಸಮತೋಲ ನೋಡುವ ಬ್ಯಾಲೆನ್ಸಿಂಗ್ ಯಂತ್ರಕ್ಕೂ ಸಿಗುವುದಿಲ್ಲ. ಆದರೆ ಪತ್ತೆಹಚ್ಚುವ ವಿಧಾನ ಬಹಳ ಸರಳ: ನಾಲ್ಕೂ ಟೈರ್‌ಗಳಿಗೆ ತಣ್ಣಗಿರುವಾಗ ತಯಾರಕರು ಹೇಳಿದಷ್ಟು ಗಾಳಿ ತುಂಬಿ, ಮುಂದಿನ ಎಡ ಮತ್ತು ಬಲ ಚಕ್ರಗಳನ್ನು ಅದಲುಬದಲು ಮಾಡಿ ಅದೇ ರಸ್ತೆಯಲ್ಲಿ ಓಡಿಸಿ. ಎಳೆತ ಬಲಕ್ಕೆ ತಿರುಗಿದರೆ ಅಥವಾ ಮಾಯವಾದರೆ ಕಾರಣ ಟೈರ್. ಎಡಕ್ಕೇ ಉಳಿದರೆ ಕಾರಣ ಕಾರಿನಲ್ಲಿದೆ. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತು ಇದ್ದರೆ ಮಾತ್ರ ಹೀಗೆ ಎಡಬಲ ಬದಲಿಸಬಾರದು. ಆಗ ಅದೇ ಪಕ್ಕದ ಮುಂದಿನದನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಹಾಕಿ, ಹಿಂದಿನ ಟೈರ್‌ಗಳು ತೀರಾ ಸವೆದಿಲ್ಲವೆಂದು ಖಚಿತಪಡಿಸಿಕೊಂಡು, ಪರೀಕ್ಷಿಸಬೇಕು. ಎರಡೇ ಹೊಸ ಟೈರ್ ಕೊಂಡಾಗ ಅವನ್ನು ಹಿಂದಕ್ಕೆ ಹಾಕಿಸುವಂತೆ ಟೈರ್ ತಯಾರಕರು ಸಾಮಾನ್ಯವಾಗಿ ಸಲಹೆ ಕೊಡುತ್ತಾರೆ, ಏಕೆಂದರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರಗಳ ಹಿಡಿತ ತಪ್ಪಿದರೆ ಕಾರನ್ನು ಹತೋಟಿಗೆ ತರುವುದು ಬಹಳ ಕಷ್ಟ. ಹಾಗಾಗಿ ಈ ಬದಲಾವಣೆಯಿಂದ ನಿಮಗೆ ನಷ್ಟವೇನೂ ಇಲ್ಲ.

ಪರೀಕ್ಷೆಗೆ ಮುನ್ನ ರಸ್ತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಎತ್ತರಿಸಿ ಅಂಚುಗಳನ್ನು ಇಳಿಜಾರಾಗಿಸಿರುತ್ತಾರೆ. ಆ ಇಳಿಜಾರಿನ ಕಡೆಗೆ ಕಾರು ಮೆಲ್ಲನೆ ಸರಿಯುವುದು ದೋಷವಲ್ಲ. ಸಮತಟ್ಟಾದ, ಖಾಲಿ ಇರುವ ವಿಶಾಲ ಜಾಗದಲ್ಲಿ ಒಮ್ಮೆ ಒಂದು ದಿಕ್ಕಿಗೆ, ಮತ್ತೊಮ್ಮೆ ಎದುರು ದಿಕ್ಕಿಗೆ ಓಡಿಸಿ, ಸ್ಟೀರಿಂಗ್ ಮೇಲಿನ ಹಿಡಿತವನ್ನು ಸಡಿಲಿಸಿ ನೋಡಿ. ಕೈಗಳು ಚಕ್ರದ ಹತ್ತಿರವೇ ಇರಲಿ. ಎರಡೂ ಸಲ ಕಾರಿನ ಎಡಕ್ಕೇ ಹೋದರೆ ಮಾತ್ರ ಅದು ನಿಜವಾದ ಎಳೆತ.

ಟೈರ್ ಅದಲುಬದಲು ಮಾಡಿದರೂ ಎಳೆತ ಎಡಕ್ಕೇ ಉಳಿದರೆ ಮುಂದಿನ ಅನುಮಾನ ಬ್ರೇಕ್. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್‌ಗಳಲ್ಲಿ ಗ್ರೀಸ್ ಒಣಗಿ ತುಕ್ಕು ಹಿಡಿದರೆ ಪೆಡಲ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ಬ್ರೇಕ್ ಹೆಚ್ಚು ಬಳಸದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಎರಡೂ ಮುಂದಿನ ಚಕ್ರಗಳ ಬಳಿ ಅಂಗೈ ಹಿಡಿದು ನೋಡಿ, ಡಿಸ್ಕನ್ನು ಮುಟ್ಟಬೇಡಿ. ಒಂದು ಕಡೆ ಮಾತ್ರ ಧಗೆ ಹೊಡೆದರೆ, ಜೊತೆಗೆ ಸುಟ್ಟ ವಾಸನೆ ಇದ್ದರೆ ಉತ್ತರ ಸಿಕ್ಕಂತೆ. ಸಾಧಾರಣವಾಗಿ ಓಡುವಾಗ ನೇರವಾಗಿದ್ದು, ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಬ್ರೇಕ್ ಅಥವಾ ಆರ್ಮ್ ಬುಷ್; ಜೋರಾಗಿ ವೇಗ ಹೆಚ್ಚಿಸಿದಾಗ ಮಾತ್ರ ಎಳೆದರೆ ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಒಯ್ಯುವ ಎಡಬಲದ ಡ್ರೈವ್ ಶಾಫ್ಟ್‌ಗಳ ಉದ್ದದ ವ್ಯತ್ಯಾಸದಿಂದ ಬರುವ ಸಹಜ ಗುಣ, ಅಥವಾ ಎಂಜಿನ್ ಮೌಂಟ್ ಸಡಿಲು. ಒಂದು ತಿರುವು ಮುಗಿದ ಮೇಲೆ ಸ್ವಲ್ಪ ಹೊತ್ತು ಆ ಕಡೆಗೇ ಎಳೆದು, ಇನ್ನೊಂದು ಕಡೆ ತಿರುಗಿದ ಮೇಲೆ ಆ ಕಡೆಗೆ ಎಳೆಯುವುದಾದರೆ ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಂಬ) ಮೇಲ್ಭಾಗದ ಬೇರಿಂಗ್ ಬಿಗಿಯಾಗಿದೆ ಎಂದು ಅರ್ಥ. ಎಲೆಕ್ಟ್ರಿಕ್ ಸ್ಟೀರಿಂಗಿನಲ್ಲಿ ಇನ್ನೊಂದು ಸಾಧ್ಯತೆಯೂ ಇದೆ: ಕೈಯ ಬಲವನ್ನು ಅಳೆಯುವ ಟಾರ್ಕ್ ಸೆನ್ಸರ್‌ನ ಶೂನ್ಯಬಿಂದು ತಪ್ಪಿದರೆ ಯಾರೂ ತಿರುಗಿಸದಿದ್ದರೂ ಮೋಟಾರ್ ಒಂದು ಕಡೆಗೆ ನೂಕುತ್ತದೆ. ಮುಂದಿನ ಚಕ್ರಗಳನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಎಂಜಿನ್ ಚಾಲೂ ಮಾಡಿದಾಗ ಸ್ಟೀರಿಂಗ್ ತಾನಾಗಿಯೇ ಒಂದು ಕಡೆಗೆ ತಿರುಗಿದರೆ ಇದು ಖಚಿತವಾಗುತ್ತದೆ. ಇದು ಅಪರೂಪ, ಟೈರ್ ಮತ್ತು ಬ್ರೇಕ್ ನೋಡಿದ ಮೇಲೆಯೇ ಇದಕ್ಕೆ ಬರಬೇಕು.

ನಡುಕದ ವಿಷಯ ಇಷ್ಟು ಜಟಿಲವಲ್ಲ. 85ಕ್ಕೆ ಆರಂಭವಾಗಿ 110ಕ್ಕೆ ಇಳಿಯುವ ನಡುಕ ಚಕ್ರದ ಬ್ಯಾಲೆನ್ಸ್ ತಪ್ಪಿರುವುದರ ಅಚ್ಚಾದ ಲಕ್ಷಣ. ಚಕ್ರದ ಸುತ್ತುಗಳ ಲಯ ಸಸ್ಪೆನ್ಷನ್ನಿನ ಸಹಜ ಕಂಪನದ ಲಯಕ್ಕೆ ಹೊಂದುವ ವೇಗದಲ್ಲಿ ನಡುಕ ದೊಡ್ಡದಾಗುತ್ತದೆ, ಆ ವೇಗ ದಾಟಿದರೆ ಕುಗ್ಗುತ್ತದೆ. ಮುಂದಿನ ಚಕ್ರದ್ದಾದರೆ ಸ್ಟೀರಿಂಗಿನಲ್ಲಿ, ಹಿಂದಿನದ್ದಾದರೆ ಹೆಚ್ಚಾಗಿ ಆಸನದಲ್ಲಿ ತಿಳಿಯುತ್ತದೆ. ಆದರೆ ಬ್ಯಾಲೆನ್ಸಿಂಗ್‌ಗೆ ಹೋಗುವ ಮುನ್ನ, ಇವತ್ತೇ, ಚಕ್ರದ ನಟ್‌ಗಳು ಬಿಗಿಯಾಗಿವೆಯೇ ನೋಡಿ. ಟೈರ್ ಬದಲಿಸಿದ ನಂತರ ಬಂದ ಯಾವುದೇ ನಡುಕಕ್ಕೆ ಮೊದಲು ನೋಡಬೇಕಾದದ್ದು ಇದನ್ನೇ, ಏಕೆಂದರೆ ಸಡಿಲವಾದ ನಟ್ ಚಕ್ರವನ್ನೇ ಕಳಚಬಲ್ಲದು. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ಮತ್ತೊಮ್ಮೆ ನಟ್ ಬಿಗಿ ಪರೀಕ್ಷಿಸುವುದು ಒಳ್ಳೆಯ ರೂಢಿ.

ನಟ್ ಸರಿಯಿದ್ದರೆ ರಿಮ್ ಬಳಿ ಕುಳಿತು ನೋಡಿ. ಅಂಟಿಸಿದ ಸೀಸದಂಥ ಸಣ್ಣ ತೂಕ ಬಿದ್ದುಹೋಗಿದ್ದರೆ ಅದಿದ್ದ ಜಾಗದಲ್ಲಿ ಧೂಳಿಲ್ಲದ ಚೌಕಾಕಾರದ ಗುರುತು, ಅಂಟಿನ ಜಿಗುಟು ಉಳಿದಿರುತ್ತದೆ. ರಿಮ್ಮಿನ ಒಳಭಾಗದಲ್ಲಿ ಒಣಗಿದ ಕೆಸರು ಹೆಂಟೆಯಾಗಿ ಕುಳಿತಿದ್ದರೂ ಇದೇ ನಡುಕ ಬರುತ್ತದೆ, ತೊಳೆದರೆ ಮುಗಿಯಿತು. ಟೈರಿನ ಪಕ್ಕದಲ್ಲಿ, ರಿಮ್ಮಿಗೆ ತಾಗುವ ಕಡೆ, ಸುತ್ತಲೂ ಒಂದು ಸಣ್ಣ ಉಬ್ಬುಗೆರೆ ಇರುತ್ತದೆ. ಆ ಗೆರೆ ಮತ್ತು ರಿಮ್ ಅಂಚಿನ ನಡುವಿನ ಅಂತರ ಸುತ್ತಲೂ ಒಂದೇ ಸಮನಾಗಿರಬೇಕು. ಒಂದು ಕಡೆ ಗೆರೆ ರಿಮ್ಮಿನೊಳಗೆ ಮುಳುಗಿದ್ದರೆ ಟೈರ್ ಸರಿಯಾಗಿ ಕುಳಿತಿಲ್ಲ, ಎಷ್ಟು ತೂಕ ಅಂಟಿಸಿದರೂ ನಡುಕ ಹೋಗುವುದಿಲ್ಲ. ಗಾಳಿ ತೆಗೆದು, ಅಂಚಿಗೆ ಟೈರ್ ಕೂರಿಸುವ ಪೇಸ್ಟ್ ಹಚ್ಚಿ ಮತ್ತೆ ಕೂರಿಸಬೇಕು. ಪಕ್ಕದ ಗೋಡೆಯಲ್ಲಿ ಉಬ್ಬು ಕಂಡರೆ ಆ ಟೈರನ್ನು ಆಗಲೇ ತೆಗೆಸಿ, ಅದಕ್ಕೆ ರಿಪೇರಿ ಇಲ್ಲ. ಇನ್ನು ಬ್ರೇಕ್ ಒತ್ತಿದಾಗ ಮಾತ್ರ ಬರುವ ನಡುಕ ಡಿಸ್ಕ್ ದಪ್ಪ ಏರುಪೇರಾಗಿರುವುದರಿಂದಲೂ, ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬರುವುದು ಒಳಬದಿಯ ಡ್ರೈವ್ ಶಾಫ್ಟ್ ಜಾಯಿಂಟ್ ಸವೆದಿರುವುದರಿಂದಲೂ ಇರಬಹುದು. ನಿಮ್ಮ ವಿವರಣೆ ಇವೆರಡಕ್ಕೂ ಹೊಂದುವುದಿಲ್ಲ.

ಈಗ ಸದ್ದಿಗೆ ಬರೋಣ. ಸುರಕ್ಷತೆಯ ದೃಷ್ಟಿಯಿಂದ ನಾಲ್ಕರಲ್ಲಿ ಇದೇ ಮುಖ್ಯ. ಸ್ಟೀರಿಂಗ್ ಚಕ್ರದಿಂದ ರಸ್ತೆಯವರೆಗೆ ಬಲ ಸಾಗುವ ದಾರಿಯಲ್ಲಿ ಕಾಲಮ್, ಅದರ ಕೆಳಗೆ ಒಂದೆರಡು ಯೂನಿವರ್ಸಲ್ ಜಾಯಿಂಟ್ (ಓರೆಯಲ್ಲೂ ತಿರುಗಬಲ್ಲ ಕೀಲು) ಇರುವ ಶಾಫ್ಟ್, ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ, ಅದು ಎಡಬಲಕ್ಕೆ ಸರಿಸುವ ಹಲ್ಲಿನ ಸಲಾಕೆಯಾದ ರ್ಯಾಕ್, ರ್ಯಾಕ್‌ನ ಎರಡು ತುದಿಗಳಲ್ಲಿ ರಬ್ಬರ್ ಬೂಟಿನೊಳಗೆ ಅಡಗಿರುವ ಒಳ ಟೈ ರಾಡ್, ಕೊನೆಗೆ ಚಕ್ರ ಕೂರುವ ಹಬ್‌ಗೆ ಸೇರುವ ಟೈ ರಾಡ್ ಎಂಡ್ ಇವೆ. ಇವುಗಳಲ್ಲಿ ಯಾವುದು ಸವೆದರೂ ಕಟಕಟ ಎನ್ನುತ್ತದೆ. ಆದರೆ ಪಕ್ಕದಲ್ಲೇ ಇರುವ ಸ್ಟೆಬಿಲೈಸರ್ ಲಿಂಕ್ (ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ ಸಲಾಕೆಯ ಕೊಂಡಿ), ಸ್ಟ್ರಟ್ ಮೌಂಟ್, ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್ (ಗೂಡಿನೊಳಗೆ ತಿರುಗುವ ಗುಂಡಿನ ಕೀಲು) ಸವೆದಾಗಲೂ ಹೆಚ್ಚುಕಡಿಮೆ ಅದೇ ಸದ್ದು ಬಂದು ಅದೇ ಅಂಗೈಗೆ ಮುಟ್ಟುತ್ತದೆ. ಕಿವಿಯೊಂದನ್ನೇ ನಂಬಿ ರ್ಯಾಕ್ ಹೋಗಿದೆ ಎಂದು ತೀರ್ಪು ಕೊಡುವುದು ಸರಿಯಲ್ಲ ಎಂದು ನಾನು ಹೇಳುವುದು ಅದಕ್ಕೇ.

ಇವೆರಡು ಗುಂಪುಗಳನ್ನು ಬೇರ್ಪಡಿಸುವ ಪರೀಕ್ಷೆಗೆ ಇಬ್ಬರು ಬೇಕು. ಕಾರು ನೆಲದ ಮೇಲೆಯೇ ನಿಂತಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಎಂಜಿನ್ ಚಾಲೂ ಇರಲಿ. ಒಬ್ಬರು ಒಳಗೆ ಕುಳಿತು ಸ್ಟೀರಿಂಗನ್ನು ಎರಡು ಬೆರಳಗಲದಷ್ಟು ಮಾತ್ರ ಬೇಗಬೇಗ ಎಡಬಲಕ್ಕೆ ಅಲ್ಲಾಡಿಸುತ್ತಿರಬೇಕು. ಇನ್ನೊಬ್ಬರು ಹೊರಗಿನಿಂದ ಚಕ್ರದ ಹಿಂದೆ ಕೈ ಚಾಚಿ, ಟೈ ರಾಡ್ ಎಂಡ್‌ನ ಗುಂಡು ಮತ್ತು ಅದರ ಗೂಡಿನ ಮೇಲೆ ಒಟ್ಟಿಗೆ ಬೆರಳಿಟ್ಟು, ಅಲ್ಲಿ ಸಡಿಲು ತಿಳಿಯುತ್ತದೆಯೇ ನೋಡಬೇಕು. ನಂತರ ರ್ಯಾಕ್ ಬೂಟನ್ನು ಮೆಲ್ಲನೆ ಹಿಸುಕಿ ಒಳ ಜಾಯಿಂಟನ್ನು, ಪೆಡಲ್‌ಗಳ ಮೇಲಿನ ಶಾಫ್ಟ್ ಜಾಯಿಂಟನ್ನು ಇದೇ ರೀತಿ ಪರೀಕ್ಷಿಸಬೇಕು. ಹೀಗೆ ಅಲ್ಲಾಡಿಸಿದಾಗ ಅದೇ ಸದ್ದು ಬಂದರೆ ದೋಷ ಸ್ಟೀರಿಂಗ್ ದಾರಿಯಲ್ಲಿದೆ. ಎಷ್ಟು ಅಲ್ಲಾಡಿಸಿದರೂ ಸದ್ದಿಲ್ಲದೆ, ಗುಂಡಿಗೆ ಇಳಿದಾಗ ಮಾತ್ರ ಬಂದರೆ ಅನುಮಾನ ಸಸ್ಪೆನ್ಷನ್ ಮೇಲೆ. ಆಗ ಸ್ಟೆಬಿಲೈಸರ್ ಲಿಂಕ್‌ಗಳೆರಡನ್ನೂ ಗ್ಯಾರೇಜಿನಲ್ಲಿ ಬಿಚ್ಚಿಸಿ, ಮೆಕ್ಯಾನಿಕ್ ಅವರೇ ನಿಧಾನವಾಗಿ ಸ್ವಲ್ಪ ದೂರ ಓಡಿಸಿ ನೋಡಲಿ. ಸದ್ದು ನಿಂತುಹೋದರೆ ಅಪರಾಧಿ ಕೈಗೆ ಸಿಕ್ಕಿತು. ಹಾಳು ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗಿನ ಕಟಕಟ ಸದ್ದಿಗೆ ನಾನು ಹೆಚ್ಚಾಗಿ ಕಂಡಿರುವ ಕಾರಣ ಈ ಲಿಂಕೇ. ಅದು ಅಗ್ಗದ ಭಾಗ, ಅದರಿಂದ ಸ್ಟೀರಿಂಗ್ ಕೈಕೊಡುವುದೂ ಇಲ್ಲ.

ಇದರ ಜೊತೆಗೆ ಚಕ್ರವನ್ನು ಎತ್ತಿ ನೋಡುವ ಪರೀಕ್ಷೆ. ಗಡಿಯಾರದ ಮುಖದಂತೆ ಒಂಬತ್ತು ಮತ್ತು ಮೂರರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಸಡಿಲು ತಿಳಿದರೆ ಟೈ ರಾಡ್ ಕಡೆಯದು; ಹನ್ನೆರಡು ಮತ್ತು ಆರರಲ್ಲಿ ಹಿಡಿದಾಗ ತಿಳಿದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್; ಎರಡೂ ಕಡೆ ಸಮನಾಗಿ ತಿಳಿದರೆ ಹೆಚ್ಚಾಗಿ ಬೇರಿಂಗ್. ಕಾರನ್ನು ಬರೀ ಜಾಕ್ ಮೇಲೆ ನಿಲ್ಲಿಸಿ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸವನ್ನು ಗ್ಯಾರೇಜಿಗೆ ಬಿಡಿ. ಲೋಯರ್ ಬಾಲ್ ಜಾಯಿಂಟ್ ವಿಷಯದಲ್ಲಿ ಮಾತ್ರ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಅದರ ರಬ್ಬರ್ ಹೊದಿಕೆ ಹರಿದರೆ ಗ್ರೀಸ್ ಹೋಗಿ ನೀರು, ಮಣ್ಣು ಸೇರಿ ಬೇಗ ಸವೆಯುತ್ತದೆ. ಸವೆದು ಗೂಡಿನಿಂದ ಕಳಚಿಕೊಂಡರೆ ಚಕ್ರ ಪಕ್ಕಕ್ಕೆ ಮಡಚಿಕೊಳ್ಳುತ್ತದೆ, ಆಗ ಸ್ಟೀರಿಂಗ್ ಹಿಡಿದವರು ಮಾಡಬಹುದಾದದ್ದು ಏನೂ ಉಳಿಯುವುದಿಲ್ಲ. ಟೈ ರಾಡ್ ಎಂಡ್ ಕಳಚಿದರೂ ಆ ಕಡೆಯ ಚಕ್ರ ಹತೋಟಿ ತಪ್ಪುತ್ತದೆ. ಇವೆರಡರಲ್ಲಿ ಯಾವುದರಲ್ಲಾದರೂ ಕೈಗೆ ತಿಳಿಯುವಷ್ಟು ಸಡಿಲು ಇದ್ದರೆ ಕಾರನ್ನು ಮನೆಗೆ ಓಡಿಸಿಕೊಂಡು ಹೋಗಬೇಡಿ, ಅಲ್ಲಿಯೇ ಬದಲಿಸಿ.

ಕೊನೆಯದು, ದೀಪ ಹೊತ್ತಿ ಸ್ಟೀರಿಂಗ್ ಭಾರವಾಗುವುದು, ಮತ್ತು ನಿಮ್ಮ ಭಯಕ್ಕೆ ಕಾರಣವಾದ ಆ ಮಾತು. ಶಕ್ತಿಯ ನೆರವು ಇರುವ ಸ್ಟೀರಿಂಗ್ 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಿನ ಮೂಲಕ ಮಾರುಕಟ್ಟೆಗೆ ಬಂದದ್ದು ತೈಲದ ಒತ್ತಡದ ರೂಪದಲ್ಲಿ. ಮೋಟಾರಿನ ನೆರವು 1988ರಲ್ಲಿ ಸುಜುಕಿ ಸೆರ್ವೊ ಎಂಬ ಪುಟ್ಟ ಕಾರಿನಲ್ಲಿ ಬಂತು. ಎರಡರಲ್ಲೂ ನೆರವು ನೆರವಷ್ಟೇ. ನಿಮ್ಮ ಕಾರಿನಂಥ ವಾಹನಗಳಲ್ಲಿ ಸ್ಟೀರಿಂಗ್ ಚಕ್ರದಿಂದ ರಸ್ತೆಯ ಚಕ್ರಗಳವರೆಗೆ ಲೋಹದ ನೇರ ಸಂಪರ್ಕ ಇದೆ. ಆ ಸಂಪರ್ಕವಿಲ್ಲದ ವ್ಯವಸ್ಥೆ ಇರುವುದು ಕೆಲವೇ ಹೊಸ ಮಾದರಿಗಳಲ್ಲಿ. ಸ್ಟೀರಿಂಗ್ ನೆರವನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಕಂಟ್ರೋಲ್ ಘಟಕಕ್ಕೆ ಏನಾದರೂ ಅನುಮಾನ ಬಂದರೆ ಅದು ಮೋಟಾರಿಗೆ ವಿದ್ಯುತ್ ಕಡಿದು ದೀಪ ಹೊತ್ತಿಸುತ್ತದೆ. ಸ್ಟೀರಿಂಗ್ ಭಾರವಾಗುತ್ತದೆಯೇ ಹೊರತು ಲಾಕ್ ಆಗುವುದಿಲ್ಲ. ವಾಹನಗಳ ಸ್ಟೀರಿಂಗ್ ಕುರಿತ ವಿಶ್ವಸಂಸ್ಥೆಯ 79ನೆಯ ನಿಯಮಾವಳಿ ಪ್ರಯಾಣಿಕ ಕಾರುಗಳಿಗೆ ಇದನ್ನು ಅಳತೆಯಲ್ಲೇ ಹೇಳುತ್ತದೆ: ನಿಗದಿತ ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದಾಗ ಸ್ಟೀರಿಂಗ್ ತಿರುಗಿಸಲು 150 ನ್ಯೂಟನ್‌ಗಿಂತ ಹೆಚ್ಚು ಬಲ ಬೇಕಾಗಬಾರದು, ನೆರವು ಕೆಟ್ಟಾಗ 300 ನ್ಯೂಟನ್ ಮೀರಬಾರದು. 300 ನ್ಯೂಟನ್ ಎಂದರೆ ಸುಮಾರು 30 ಕಿಲೋ ತೂಕ ಎತ್ತುವಷ್ಟು ಬಲ. ಅದು ಕಡಿಮೆಯಲ್ಲ. ತಿರುವಿನ ನಡುವೆ ಹಠಾತ್ತಾಗಿ ನೆರವು ನಿಂತರೆ ಸಿದ್ಧವಿಲ್ಲದ ಕೈಗೆ ಸ್ಟೀರಿಂಗ್ ಸಿಕ್ಕಿಹಾಕಿಕೊಂಡಂತೆಯೇ ಅನ್ನಿಸುತ್ತದೆ. "ಲಾಕ್ ಆಯಿತು" ಎಂಬ ಮಾತು ಹುಟ್ಟುವುದು ಬಹುಶಃ ಅಲ್ಲಿಂದ. ಹಾಗೆ ಆದರೆ ಎರಡೂ ಕೈಗಳಿಂದ ಗಟ್ಟಿಯಾಗಿ ತಿರುಗಿಸುತ್ತಾ ವೇಗ ಇಳಿಸಿ, ಪಕ್ಕಕ್ಕೆ ನಿಲ್ಲಿಸಿ. ಓಡುವಾಗ ಎಂಜಿನ್ ಬಂದ್ ಮಾಡಿ ಕೀ ತೆಗೆಯಬೇಡಿ, ಏಕೆಂದರೆ ಕೀ ತೆಗೆದಾಗ ಬೀಳುವ ಕಳ್ಳತನ ತಡೆಯ ಲಾಕ್ ಮಾತ್ರ ಸ್ಟೀರಿಂಗನ್ನು ನಿಜವಾಗಿ ಹಿಡಿದು ನಿಲ್ಲಿಸಬಲ್ಲದು.

ನಿಮ್ಮ ಲಕ್ಷಣ, ಅಂದರೆ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಮಾತ್ರ ದೀಪ ಬರುವುದು ಮತ್ತು ಮರು ಸ್ಟಾರ್ಟ್‌ಗೆ ಸರಿಹೋಗುವುದು, ಮೋಟಾರಿಗಿಂತ ಬ್ಯಾಟರಿಯ ಕಡೆಗೆ ಬೆರಳು ತೋರಿಸುತ್ತದೆ. ಸ್ಟೀರಿಂಗ್ ಮೋಟಾರ್ ಹತ್ತಾರು ಆಂಪಿಯರ್ ವಿದ್ಯುತ್ ಎಳೆಯುತ್ತದೆ. ದುರ್ಬಲ ಬ್ಯಾಟರಿಯ ವೋಲ್ಟೇಜ್ ಸ್ಟಾರ್ಟರ್ ತಿರುಗುವಾಗ ಕುಸಿದರೆ ಕಂಟ್ರೋಲ್ ಘಟಕ ಅದನ್ನು ದೋಷವೆಂದು ದಾಖಲಿಸಿ ನೆರವನ್ನು ನಿಲ್ಲಿಸುತ್ತದೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಆರೋಗ್ಯವಾಗಿದ್ದರೆ ಸುಮಾರು 12.6 ವೋಲ್ಟ್ ತೋರಿಸಬೇಕು, 12.2ರ ಹತ್ತಿರವಿದ್ದರೆ ಅರ್ಧ ಚಾರ್ಜ್ ಎಂದು ಅರ್ಥ. ಎಂಜಿನ್ ಓಡುವಾಗ ಬಹುತೇಕ ಕಾರುಗಳಲ್ಲಿ 13.8ರಿಂದ 14.5ರ ಆಸುಪಾಸು ಇರುತ್ತದೆ. ಬ್ಯಾಟರಿ ಟರ್ಮಿನಲ್‌ಗಳ ಮೇಲಿನ ಬಿಳಿ ಪುಡಿ, ಕಾರಿನ ಲೋಹದ ಬಾಡಿಯನ್ನು ಸೇರುವ ಅರ್ಥಿಂಗ್ ತಂತಿಯ ತುದಿಯ ತುಕ್ಕು, ಇವನ್ನೂ ನೋಡಿಸಿ. ಎಲ್ಲಕ್ಕಿಂತ ಮೊದಲು ಸ್ಟೀರಿಂಗ್ ಘಟಕವನ್ನು ಓದಬಲ್ಲ ಸ್ಕ್ಯಾನರ್‌ನಿಂದ ಅದರಲ್ಲಿ ದಾಖಲಾದ ದೋಷದ ಕೋಡ್ ತೆಗೆಸಿ. ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಸಾಧನ ಇದಕ್ಕೆ ಸಾಲದು. ಕೋಡ್ ಕಡಿಮೆ ವೋಲ್ಟೇಜ್ ಎಂದರೆ ಬ್ಯಾಟರಿ, ಟಾರ್ಕ್ ಸೆನ್ಸರ್ ಎಂದರೆ ಬೇರೆ ದಾರಿ. ಕೋಡ್ ಅಳಿಸಿ "ಸರಿಯಾಯಿತು" ಎನ್ನುವವರಿಗೆ ಅವಕಾಶ ಕೊಡಬೇಡಿ, ಅಳಿಸುವ ಮುನ್ನ ಅದನ್ನು ಬರೆದಿಟ್ಟುಕೊಳ್ಳಿ. ಇಕ್ಕಟ್ಟಾದ ಜಾಗದಲ್ಲಿ ಪದೇ ಪದೇ ಪೂರ್ತಿ ತಿರುಗಿಸಿದಾಗ ಸ್ಟೀರಿಂಗ್ ಸ್ವಲ್ಪ ಭಾರವಾಗುವುದು ದೋಷವಲ್ಲ; ಮೋಟಾರ್ ಬಿಸಿಯಾಗದಂತೆ ಘಟಕವೇ ನೆರವನ್ನು ತಗ್ಗಿಸುತ್ತದೆ. ಸ್ಟೀರಿಂಗ್ ಪ್ರತಿ ಅರ್ಧ ಸುತ್ತಿಗೊಮ್ಮೆ ಬಿಗಿಯಾಗಿ ಮತ್ತೆ ಸಡಿಲವಾಗುತ್ತಿದ್ದರೆ ಮಾತ್ರ ವಿದ್ಯುತ್ತನ್ನು ಬಿಟ್ಟು ಯೂನಿವರ್ಸಲ್ ಜಾಯಿಂಟಿನ ತುಕ್ಕನ್ನು ಹುಡುಕಬೇಕು.

ಹಾಗಾದರೆ ರ್ಯಾಕ್ ಯಾವಾಗ ಬದಲಿಸಬೇಕು? ಮೇಲಿನ ಪರೀಕ್ಷೆಗಳಲ್ಲಿ ಟೈ ರಾಡ್‌ಗಳು ಗಟ್ಟಿಯಾಗಿದ್ದು ರ್ಯಾಕ್ ಸಲಾಕೆಯೇ ತನ್ನ ಗೂಡಿನಲ್ಲಿ ಅಲ್ಲಾಡಿದರೆ, ಹರಿದ ಬೂಟಿನಿಂದ ನೀರು ಹೋಗಿ ಹಲ್ಲುಗಳು ತುಕ್ಕು ಹಿಡಿದಿದ್ದರೆ, ಅಥವಾ ತೈಲದ ಸ್ಟೀರಿಂಗ್ ಆಗಿದ್ದು ಸೀಲ್ ಸೋರುತ್ತಿದ್ದರೆ. ಒಳ ಟೈ ರಾಡ್ ಮಾತ್ರ ಸವೆದಿದ್ದರೆ ಬಹುತೇಕ ಕಾರುಗಳಲ್ಲಿ ಅದನ್ನೊಂದನ್ನೇ ಬದಲಿಸಬಹುದು. ಬದಲಿಸಲೇಬೇಕಾದರೆ ಹೊಸದು ಸುರಕ್ಷಿತ, ದುಬಾರಿ. ನಂಬಿಕಸ್ಥರು ಸೀಲ್ ಮತ್ತು ಬುಷ್ ಹೊಸದು ಹಾಕಿ ಸಜ್ಜುಗೊಳಿಸಿದ ರ್ಯಾಕ್ ಗ್ಯಾರಂಟಿಯೊಂದಿಗೆ ಸಿಕ್ಕರೆ ಒಪ್ಪಬಹುದು. ಕಳಚಿದ ಹಳೆಯ ಕಾರಿನ ರ್ಯಾಕ್ ಅಪಘಾತದಲ್ಲಿ ಪೆಟ್ಟು ತಿಂದಿದೆಯೇ ಎಂದು ತಿಳಿಯುವ ದಾರಿ ಇಲ್ಲವಾದ್ದರಿಂದ ನಾನು ಅದನ್ನು ಬೇಡವೆನ್ನುತ್ತೇನೆ. ಇನ್ನೊಂದು ಉಪಾಯವನ್ನು ಯಾರಾದರೂ ನಿಮಗೆ ಹೇಳಬಹುದು: ರ್ಯಾಕ್ ಕೆಳಗಿನ ಹೊಂದಾಣಿಕೆ ತಿರುಪನ್ನು ಬಿಗಿ ಮಾಡಿದರೆ ಸದ್ದು ನಿಲ್ಲುತ್ತದೆ ಎಂದು. ನಿಲ್ಲುವುದೂ ಉಂಟು. ಆದರೆ ತಯಾರಕರ ಅಳತೆ ಮೀರಿ ಬಿಗಿ ಮಾಡಿದರೆ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ, ಸವೆದ ಜಾಗದಲ್ಲಿ ಸಡಿಲ, ಸವೆಯದ ಜಾಗದಲ್ಲಿ ಬಿಗಿ ಆಗುತ್ತದೆ. ಸದ್ದಿಗಿಂತ ಇದು ಅಪಾಯಕಾರಿ. ಬಾಗಿದ ಟೈ ರಾಡನ್ನು ಬಡಿದು ನೇರ ಮಾಡುವುದು, ವೆಲ್ಡ್ ಹಾಕುವುದು ಯಾವ ಕಾರಣಕ್ಕೂ ಕೂಡದು.

ನಿಮ್ಮ ವಿಷಯದಲ್ಲಿ ನಾನು ಹಿಡಿಯುವ ಕ್ರಮ ಇದು. ಇವತ್ತೇ ಚಕ್ರದ ನಟ್ ಮತ್ತು ಟೈರ್ ಗಾಳಿ. ಈ ವಾರದೊಳಗೆ ಸದ್ದಿನ ಪರೀಕ್ಷೆ, ಬಾಲ್ ಜಾಯಿಂಟ್ ಮತ್ತು ಟೈ ರಾಡ್‌ಗಳನ್ನು ಕೈಯಿಂದ ಮುಟ್ಟಿ ನೋಡುವಂತೆ ಸ್ಪಷ್ಟವಾಗಿ ಹೇಳಿ, ನೀವೂ ಪಕ್ಕದಲ್ಲಿ ನಿಂತು. ಅದೇ ಭೇಟಿಯಲ್ಲಿ ಬ್ಯಾಟರಿ ಪರೀಕ್ಷೆ ಮತ್ತು ಕೋಡ್. ನಂತರ ಬ್ಯಾಲೆನ್ಸಿಂಗ್ ಮತ್ತು ಟೈರ್ ಅದಲುಬದಲು. ಎಳೆತ ದಿಕ್ಕು ಬದಲಿಸಿದರೆ ಟೈರ್ ಅಂಗಡಿಗೆ ಹೋಗಿ ತಯಾರಿಕೆಯ ದೋಷವೆಂದು ಬದಲಿ ಕೇಳಿ, ಪರೀಕ್ಷೆ ಮಾಡಿದ ಬಗೆಯನ್ನು ವಿವರಿಸಿದರೆ ನಿಮ್ಮ ಮಾತಿಗೆ ಬಲ ಬರುತ್ತದೆ. ಈ ನಡುವೆ ಸ್ಟೀರಿಂಗ್ ಚಕ್ರದ ನೇರ ಸ್ಥಾನ ಇದ್ದಕ್ಕಿದ್ದಂತೆ ಬದಲಾದರೆ, ಮೊದಲಿಲ್ಲದ ಸಡಿಲು ಕಂಡರೆ, ತಿರುಗಿಸುವಾಗ ಎಲ್ಲಾದರೂ ಹಿಡಿದುಕೊಂಡರೆ, ಅಥವಾ ದೊಡ್ಡ ಗುಂಡಿಗೆ ಬಿದ್ದ ಮೇಲೆ ಹೊಸ ಸದ್ದು ಶುರುವಾದರೆ ಕಾರನ್ನು ಅಲ್ಲೇ ನಿಲ್ಲಿಸಿ ಎಳೆಸಿಕೊಂಡು ಹೋಗಿ. ಅಲೈನ್‌ಮೆಂಟ್ ಕೊನೆಗೆ ಬರಲಿ. ಟೈ ರಾಡ್, ಆರ್ಮ್ ಅಥವಾ ರ್ಯಾಕ್ ಬದಲಾಗಿದ್ದರೆ ಅದನ್ನು ಮತ್ತೆ ಮಾಡಿಸಲೇಬೇಕು, ಕಳಚಿದ ಲಾಕ್ ನಟ್ ಮತ್ತು ಸೀಳುಪಿನ್‌ಗಳಿಗೆ ಹೊಸದು ಹಾಕಿಸಬೇಕು, ನಿಮ್ಮ ಮಾದರಿಯಲ್ಲಿ ಸ್ಟೀರಿಂಗ್ ಕೋನದ ಸೆನ್ಸರ್ ಇದ್ದರೆ ಅದರ ಶೂನ್ಯಬಿಂದುವನ್ನು ಸ್ಕ್ಯಾನರ್‌ನಿಂದ ಹೊಂದಿಸಿದ್ದಾರೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು.